ಮೇಲೊಂದು ಹಾಸಿಗೆ, ಕೆಳಗೊಂದು ಹಾಸಿಗೆ
ದುಬಾಯಿಯ ಫಿಲಿಪಿನೋ ಬದುಕು

ದುಬಾಯಿ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದೇನು? ಮುಗಿಲು ಮುಟ್ಟಿದ ಬುರ್ಜ್ ಖಲೀಫಾ, ದೇರಾದ ಚಿನ್ನದ ಪೇಟೆ, ವರ್ಷಾಂತ್ಯದ ಶಾಪಿಂಗ್ ಉತ್ಸವ. ರಜೆಯಲ್ಲಿ ಹೋಗಿ ಬಂದ ನಮ್ಮ ಸಂಘದ ಹುಡುಗ ಹುಡುಗಿಯರು ಫೋನಿನಲ್ಲಿ ತೋರಿಸುವ ಚಿತ್ರಗಳೂ ಇವೇ. ಆ ಚಿತ್ರಗಳನ್ನು ಇನ್ನೊಮ್ಮೆ ನೋಡಿ. ಹಿಂಬದಿಯಲ್ಲಿ ಕಾಫಿ ಅಂಗಡಿಯ ಕೌಂಟರಿನಾಚೆ, ಅತ್ತರಿನ ಬಾಟಲಿ ಹಿಡಿದು, ಇಲ್ಲವೇ ಹೋಟೇಲಿನ ಬಾಗಿಲಲ್ಲಿ ಒಬ್ಬಾಕೆ ನಗುತ್ತ ನಿಂತಿರುತ್ತಾಳೆ. ‘ಗುಡ್ ಈವನಿಂಗ್ ಮ್ಯಾಮ್-ಸರ್’ ಎಂದು ಒಂದೇ ಉಸಿರಿಗೆ ಹೇಳುವವಳು. ಅವಳು ಫಿಲಿಪ್ಪೀನ್ಸಿನವಳು. ಯು.ಎ.ಇ.ಯಲ್ಲಿ ಆ ದೇಶದವರು ಸುಮಾರು ಏಳು ಲಕ್ಷ ಮಂದಿ ಇದ್ದಾರೆಂದು ಅಂದಾಜು. ಅಂಗಡಿ, ಆಸ್ಪತ್ರೆ, ಬ್ಯೂಟಿ ಪಾರ್ಲರು, ಇಂಜಿನಿಯರಿಂಗ್ ಕಚೇರಿ, ಶ್ರೀಮಂತರ ಅಡುಗೆಮನೆ - ಅವರಿಲ್ಲದೆ ದುಬಾಯಿಯ ಒಂದು ದಿನವೂ ಸಾಗದು.

ಯಜಮಾನರ ಕೆಲಸದ ನಿಮಿತ್ತ 2011ರಿಂದ ಐದು ವರ್ಷ ನಾವು ಅಲ್ಲಿನ ಕರಾಮಾದಲ್ಲಿದ್ದೆವು. ಕರಾಮಾ ಎಂದರೆ ನಮ್ಮ ಮಾಟುಂಗವನ್ನು ಎತ್ತಿ ಮರಳುಗಾಡಿನಲ್ಲಿ ಇಟ್ಟಂತೆ. ಉಡುಪಿ ಹೋಟೇಲಿನ ದೋಸೆ, ಮಲ್ಲಿಗೆ ಹೂ, ಬಾಳೆಎಲೆ ಎಲ್ಲವೂ ಕಾಲ್ನಡಿಗೆಯಲ್ಲಿ ಸಿಗುತ್ತಿದ್ದವು. ನಮ್ಮೆದುರಿನ ಫ್ಲಾಟಿನಲ್ಲಿ ಫಿಲಿಪಿನೋ ಹೆಂಗಸರಿದ್ದರು. ಎಷ್ಟು ಮಂದಿ ಎಂಬುದು ಬೇಗ ತಿಳಿಯುತ್ತಿರಲಿಲ್ಲ. ಏಕೆಂದರೆ ಎಲ್ಲರೂ ಒಟ್ಟಿಗೆ ಮನೆಯಲ್ಲಿ ಇರುತ್ತಲೇ ಇರಲಿಲ್ಲ. ಬಾಗಿಲ ಹೊರಗಿನ ಚಪ್ಪಲಿಗಳ ಲೆಕ್ಕದಿಂದ ಕಡೆಗೆ ತಿಳಿಯಿತು: ಹನ್ನೊಂದು ಮಂದಿ. ಎರಡು ಕೋಣೆ, ಒಂದು ಹಾಲು, ಒಂದು ಅಡುಗೆಮನೆ, ಎರಡು ಬಚ್ಚಲು. ಅವರಲ್ಲಿ ಹಿರಿಯಳನ್ನು ಉಳಿದವರೆಲ್ಲ ‘ಆತೆ’ ಎಂದು ಕರೆಯುತ್ತಿದ್ದರು. ಆತೆ ಎಂದರೆ ಅವರ ತಗಾಲೊಗ್ ಭಾಷೆಯಲ್ಲಿ ಅಕ್ಕ. (ನಮ್ಮ ‘ಅತ್ತೆ’ ಅಲ್ಲ, ಹೆದರಬೇಡಿ!) ಅಣ್ಣನಿಗೆ ‘ಕುಯಾ’. ನಾನೂ ಅವಳನ್ನು ಆತೆ ಎಂದೇ ಕರೆಯುತ್ತ ಬಂದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ಅಲ್ಲಿ ಇಂಥ ಕೆಲಸಗಾರ್ತಿ ಬಾಡಿಗೆಗೆ ಹಿಡಿಯುವುದು ಒಂದು ಹಾಸಿಗೆಯನ್ನು. ‘ಬೆಡ್‌ಸ್ಪೇಸ್’ ಎಂಬುದು ಅದರ ಹೆಸರು. ಸತ್ವಾ, ಕರಾಮಾ, ದೇರಾದ ರಿಗ್ಗಾ ಬೀದಿಗಳ ದೀಪದ ಕಂಬ, ಬಸ್ ನಿಲ್ದಾಣಗಳಲ್ಲಿ ಕೈಬರಹದ ಚೀಟಿಗಳು ಅಂಟಿರುತ್ತಿದ್ದವು: ‘ಫಿಲಿಪಿನಾ ಮಹಿಳೆಗೆ ಕೆಳಗಿನ ಹಾಸಿಗೆ ಖಾಲಿ ಇದೆ, ಮೆಟ್ರೋಗೆ ಹತ್ತಿರ’. ಚೀಟಿಯ ತುದಿಯನ್ನು ಬಾಚಣಿಗೆಯ ಹಲ್ಲಿನಂತೆ ಕತ್ತರಿಸಿ, ಒಂದೊಂದು ತುಂಡಿನಲ್ಲೂ ಫೋನ್ ನಂಬರು ಬರೆದಿರುತ್ತಿದ್ದರು. ಮೇಲಿನ ಹಾಸಿಗೆಗಿಂತ ಕೆಳಗಿನದಕ್ಕೆ ಬಾಡಿಗೆ ಜಾಸ್ತಿ. ಕಿಟಕಿಯ ಪಕ್ಕವಾದರೆ ಇನ್ನಷ್ಟು. ಪ್ಲೈವುಡ್ಡಿನ ಗೋಡೆ ಹಾಕಿ ಕೊಟ್ಟರೆ ಅದು ‘ಪಾರ್ಟಿಷನ್’. ಗಂಡ ಹೆಂಡಿರು ಇಬ್ಬರೂ ದುಬಾಯಿಯಲ್ಲೇ ದುಡಿಯುತ್ತಿದ್ದರೆ ಅವರಿಗೆ ಅದೇ ಅರಮನೆ. ಒಬ್ಬಳು ‘ಮುಖ್ಯ ಬಾಡಿಗೆದಾರಳು’ ಮಾಲೀಕನಿಂದ ಫ್ಲಾಟು ಹಿಡಿಯುತ್ತಾಳೆ. ಉಳಿದವರು ಅವಳಿಗೆ ಕೊಡುತ್ತಾರೆ. ಆತೆಯ ಹಾಸಿಗೆಗೆ ಆಗ ತಿಂಗಳಿಗೆ 700 ದಿರ್ಹಮ್. ಅಂಗಡಿಯಲ್ಲಿ ಅವಳ ಸಂಬಳ 3000ದ ಆಸುಪಾಸು.

ಆ ಹಾಸಿಗೆಯನ್ನು ಒಮ್ಮೆ ತೋರಿಸಿದ್ದಳು. ಮೂರೂ ಬದಿಗೆ ಹೂವಿನ ಪರದೆ. ಒಳಗೆ ಅಂಗೈಯಗಲದ ಫ್ಯಾನು, ಫೋನಿನ ಚಾರ್ಜರು, ಬಾಲಯೇಸುವಿನ ಪುಟ್ಟ ಮೂರ್ತಿ, ಮಗಳ ಫೋಟೋ. ಕಾಲ ಬದಿಯಲ್ಲಿ ಮಡಚಿದ ಬಟ್ಟೆ. ಹಾಸಿಗೆಯ ಕೆಳಗೆ ಒಂದು ದೊಡ್ಡ ರಟ್ಟಿನ ಪೆಟ್ಟಿಗೆ. ಅದರ ಕತೆ ಮುಂದೆ ಹೇಳುತ್ತೇನೆ. ಫ್ರಿಜ್ಜಿನ ಒಂದೊಂದು ತಟ್ಟೆಗೂ ಒಬ್ಬೊಬ್ಬರ ಹೆಸರು ಬರೆದ ಪಟ್ಟಿ. ಬಚ್ಚಲಿಗೂ ಸರದಿಯ ಹೊತ್ತು. ಆದರೆ ಅನ್ನ ಬೇಯಿಸುವ ಕುಕ್ಕರ್ ಮಾತ್ರ ಎಲ್ಲರಿಗೂ ಒಂದೇ, ಸದಾ ಬಿಸಿ. ಮೂರು ಹೊತ್ತೂ ಅನ್ನ ಬೇಕು ಅವರಿಗೆ, ಬೆಳಗಿನ ತಿಂಡಿಗೂ ಅನ್ನವೇ. ‘ತುಯೋ’ ಎಂಬ ಒಣಮೀನು ಕರಿದ ದಿನ ಇಡೀ ಮಹಡಿಗೆ ವಾಸನೆ. ಮೇಲಿನ ಮನೆಯವರು ಮೂಗು ಮುಚ್ಚಿಕೊಂಡು ಕಾವಲುಗಾರನಿಗೆ ದೂರು ಕೊಡುತ್ತಿದ್ದರು. ಕರಾವಳಿಯಲ್ಲಿ ಹುಟ್ಟಿ ಬೆಳೆದ ನನಗೋ, ಮಳೆಗಾಲದ ತವರುಮನೆಯ ನೆನಪಾಗುತ್ತಿತ್ತು.

ಇಷ್ಟು ಇಕ್ಕಟ್ಟಿನಲ್ಲಿ ಬದುಕುವವರು ಬಡವರೆಂದುಕೊಂಡಿರಾ? ಆತೆಗೆ ಬತಾಂಗಸ್ ಪ್ರಾಂತ್ಯದಲ್ಲಿ ಸ್ವಂತ ಮನೆಯಿತ್ತು. ಸಿಮೆಂಟ್ ಇಟ್ಟಿಗೆಯ ಗೋಡೆ, ಹೆಂಚಿನ ಬದಲು ಬಣ್ಣದ ಶೀಟು, ಮಹಡಿ ಏರಿಸಲೆಂದು ಮೇಲೆ ಬಿಟ್ಟ ಕಬ್ಬಿಣದ ಸರಳುಗಳು. ಆ ಮನೆಯ ಒಂದೊಂದು ಕೋಣೆಯೂ ಯಾವ ವರ್ಷದ ಯಾವ ಬೋನಸ್ಸಿನಿಂದ ಎದ್ದಿತೆಂದು ಆಕೆ ಬೆರಳು ಮಡಚಿ ಹೇಳಬಲ್ಲವಳಾಗಿದ್ದಳು. ಅಂದರೆ ಅವಳು ಮಲಗುವ ಜಾಗಕ್ಕೆ ಗೋಡೆಯಿಲ್ಲ. ಗೋಡೆಯಿರುವ ಮನೆಯಲ್ಲಿ ಅವಳು ಮಲಗುವುದಿಲ್ಲ. ದುಬಾಯಿಯ ಫಿಲಿಪಿನೋ ಬದುಕಿನ ಬಗ್ಗೆ ನಾನು ಏನು ಬರೆದರೂ ಕೊನೆಗೆ ಈ ಎರಡು ಮನೆಗಳ ನಡುವಿನ ಲೆಕ್ಕಾಚಾರಕ್ಕೇ ಬಂದು ನಿಲ್ಲುತ್ತದೆ.

ಆ ಲೆಕ್ಕಾಚಾರದಲ್ಲಿ ಗಡಿಯಾರವೂ ಸೇರಿದೆ. ಮನಿಲಾದ ಹೊತ್ತು ದುಬಾಯಿಗಿಂತ ನಾಲ್ಕು ಗಂಟೆ ಮುಂದೆ. ಮಾಲಿನ ಅಂಗಡಿ ಮುಚ್ಚಿ, ಲೆಕ್ಕ ಒಪ್ಪಿಸಿ, ಬಸ್ಸು ಹಿಡಿದು ಆತೆ ಮನೆ ಸೇರುವಾಗ ರಾತ್ರಿ ಹನ್ನೊಂದೂವರೆ. ಅಲ್ಲಿ ಬೆಳಗಿನ ಜಾವ ಮೂರೂವರೆ, ಮಗಳು ಗಾಢ ನಿದ್ರೆಯಲ್ಲಿ. ಮಗಳು ಶಾಲೆಗೆ ಹೊರಡುವುದು ಬೆಳಿಗ್ಗೆ ಆರಕ್ಕೆ. ಅದು ದುಬಾಯಿಯಲ್ಲಿ ನಡುರಾತ್ರಿ ಎರಡು. ಹಾಗಾಗಿ ಆತೆ ಎರಡು ಗಂಟೆಗೆ ಅಲಾರಂ ಇಟ್ಟು ಎದ್ದು, ಪರದೆಯೊಳಗೆ ಮುಸುಕು ಹಾಕಿಕೊಂಡು ಪಿಸುಮಾತಿನಲ್ಲಿ ಮಗಳ ಜಡೆ ಸರಿಯಾಗಿದೆಯೇ, ಡಬ್ಬಿ ಕಟ್ಟಿಕೊಂಡೆಯಾ ಎಂದು ವಿಚಾರಿಸಿ ಮತ್ತೆ ಮಲಗುವಳು. ಗಟ್ಟಿಯಾಗಿ ಮಾತಾಡುವಂತಿಲ್ಲ, ಮೇಲಿನ ಹಾಸಿಗೆಯವಳು ಬೆಳಿಗ್ಗೆ ಐದಕ್ಕೆ ಆಸ್ಪತ್ರೆಯ ಪಾಳಿಗೆ ಹೋಗಬೇಕು. ನಿಮಗೆ ಈಗ ವಾಟ್ಸಾಪಿನಲ್ಲಿ ಮುಖ ನೋಡಿ ಮಾತಾಡುವುದು ಪುಕ್ಕಟೆ, ಯು.ಎ.ಇ.ಯಲ್ಲಿ ಅಂಥ ಕರೆಗಳಿಗೆ ತಡೆಯಿದ್ದು, ಜನ ಹಣ ತೆತ್ತು ಬೋಟಿಮ್‌ನಂಥ ಆ್ಯಪ್ ಬಳಸಬೇಕಾಗಿ ಬಂತು. ಅದಕ್ಕೂ ಹಿಂದಿನ ತಲೆಮಾರಿನವರು ಕ್ಯಾಸೆಟ್ಟಿನಲ್ಲಿ ತಮ್ಮ ಮಾತು ತುಂಬಿಸಿ, ಊರಿಗೆ ಹೊರಟವರ ಕೈಯಲ್ಲಿ ಕಳಿಸುತ್ತಿದ್ದರಂತೆ.

ಇವರು ಹೀಗೆ ಊರು ಬಿಟ್ಟು ಬರುವುದು ಯಾವಾಗ ಶುರುವಾಯಿತು? ಇದರಲ್ಲಿ ಸರಕಾರದ ಕೈಯೇ ಇದೆ. 1973ರ ನಂತರ ತೈಲದ ಬೆಲೆ ಏರಿ ಕೊಲ್ಲಿಗೆ ಹಣ ಹರಿಯಿತು, ಕೆಲಸಗಾರರು ಬೇಕಾದರು. ಫಿಲಿಪ್ಪೀನ್ಸಿನಲ್ಲಿ ಕೆಲಸವಿರಲಿಲ್ಲ. 1974ರಲ್ಲಿ ಅಧ್ಯಕ್ಷ ಮಾರ್ಕೋಸ್ ತಂದ ಕಾರ್ಮಿಕ ಸಂಹಿತೆಯಲ್ಲಿ ಜನರನ್ನು ಹೊರದೇಶದ ಕೆಲಸಕ್ಕೆ ಕಳಿಸುವ ವ್ಯವಸ್ಥೆಯೂ ಸೇರಿತ್ತು. ತಾತ್ಕಾಲಿಕ ಎಂದು ಶುರುವಾದದ್ದು ಅರ್ಧ ಶತಮಾನ ದಾಟಿತು. 1988ರಲ್ಲಿ ಅಧ್ಯಕ್ಷೆ ಕೊರಜೋನ್ ಅಕ್ವಿನೋ ಇವರನ್ನು ‘ಬಾಗೊಂಗ್ ಬಯಾನಿ’ ಎಂದರೆ ‘ನವವೀರರು’ ಎಂದು ಕರೆದರು. ಹೊಗಳದೆ ಇರಲಾದೀತೆ? 2024ರಲ್ಲಿ ಹೊರದೇಶದ ಫಿಲಿಪಿನೋಗಳು ಬ್ಯಾಂಕುಗಳ ಮೂಲಕ ಊರಿಗೆ ಕಳಿಸಿದ್ದು 3400 ಕೋಟಿ ಡಾಲರಿಗೂ ಹೆಚ್ಚು. ಆ ದೇಶದ ಒಟ್ಟು ಉತ್ಪನ್ನದ ಶೇಕಡಾ ಎಂಟರಷ್ಟು! 2003ರ ಕಾನೂನಿನಿಂದ ಅವರು ಪರದೇಶದಲ್ಲಿದ್ದುಕೊಂಡೇ ಮತ ಹಾಕಬಲ್ಲರು. ನಮ್ಮ ದುಬಾಯಿ ಕನ್ನಡಿಗನಿಗೆ ಆ ಸೌಲಭ್ಯ ಇನ್ನೂ ಇಲ್ಲ. ಹೆಸರು ನೋಂದಾಯಿಸಬಹುದು, ಮತ ಹಾಕಲು ವಿಮಾನ ಹತ್ತಿ ಊರಿಗೇ ಬರಬೇಕು.

ಈಗ ಹಾಸಿಗೆಯ ಕೆಳಗಿನ ಪೆಟ್ಟಿಗೆಯ ವಿಷಯ. ಅದಕ್ಕೆ ‘ಬಾಲಿಕ್‌ಬಾಯನ್’ ಪೆಟ್ಟಿಗೆ ಎನ್ನುತ್ತಾರೆ. ಊರಿಗೆ ಮರಳುವವನು ಎಂದು ಆ ಪದದ ಅರ್ಥ. ಮರಳುವುದು ಮಾತ್ರ ಪೆಟ್ಟಿಗೆ! ಹಡಗಿನಲ್ಲಿ ಹೋಗುವ ಇದಕ್ಕೆ ಬಾಡಿಗೆ ತೂಕದ ಮೇಲಲ್ಲ, ಪೆಟ್ಟಿಗೆಯ ಅಳತೆಯ ಮೇಲೆ. ಆದ್ದರಿಂದ ಒಂದು ಬೆರಳಿನಷ್ಟು ಜಾಗವೂ ಖಾಲಿ ಬಿಡುವಂತಿಲ್ಲ. ಬೂಟಿನೊಳಗೆ ಸೋಪು, ಸೋಪುಗಳ ನಡುವೆ ಚಾಕೊಲೇಟು, ಅಂಚಿನಲ್ಲಿ ಡಬ್ಬಿ ಮಾಂಸ, ಹಾಲಿನ ಪುಡಿ, ಟೂತ್‌ಪೇಸ್ಟು, ಟವೆಲು, ಶಾಂಪೂ. ಆತೆ ಅದನ್ನು ತುಂಬುವುದನ್ನು ನೋಡುವುದೇ ಒಂದು ಪಾಠ. ಉಪ್ಪಿನಕಾಯಿ ಭರಣಿ ತುಂಬುವ ನನ್ನ ಅಜ್ಜಿಯ ಕೈಗೂ ಅಷ್ಟು ಹದ ಇರಲಿಲ್ಲ. ಸೋವಿ ದರದಲ್ಲಿ ಸಿಕ್ಕಿದ್ದನ್ನು ವಾರವಾರವೂ ಒಂದೊಂದಾಗಿ ಕೊಂಡು ಆರು ತಿಂಗಳು ತುಂಬುವಳು. ಹಡಗು ಮುಟ್ಟಲು ಒಂದೆರಡು ತಿಂಗಳು ಬೇಕಲ್ಲ, ಕ್ರಿಸ್ಮಸ್ಸಿಗೆ ತಲುಪಬೇಕಾದರೆ ಅಕ್ಟೋಬರಿನಲ್ಲೇ ಹೊರಡಬೇಕು. ಹೇಗೂ ಫಿಲಿಪಿನೋಗಳಿಗೆ ಕ್ರಿಸ್ಮಸ್ ಕಾಲ ಶುರುವಾಗುವುದು ಸೆಪ್ಟೆಂಬರಿನಲ್ಲೇ. ಎದುರು ಮನೆಯಿಂದ ಆಗಲೇ ಹಾಡು ಕೇಳಿಸುತ್ತಿತ್ತು.

‘ಸೋಪು, ಪೇಸ್ಟು ಅಲ್ಲಿ ಸಿಗುವುದಿಲ್ಲವೆ?’ ಎಂದು ಕೇಳಿದ್ದೆ. ‘ಸಿಗುತ್ತದೆ, ಇದಕ್ಕಿಂತ ಅಗ್ಗವಾಗಿಯೂ ಸಿಗುತ್ತದೆ. ಆದರೆ ಹಣ ಕಳಿಸಿದರೆ ಅದು ಕರೆಂಟ್ ಬಿಲ್ಲಿಗೆ, ಶಾಲೆಯ ಫೀಸಿಗೆ ಹೋಗುತ್ತದೆ. ನನ್ನ ಮಗಳು ಬೆಳಿಗ್ಗೆ ಮುಖ ತೊಳೆಯುವಾಗ ನಾನು ಕೈಯಾರೆ ಆರಿಸಿದ ಸೋಪು ಹಿಡಿಯಲಿ ಅಂತ’ ಎಂದಳು. 2015ರ ಆಗಸ್ಟಿನಲ್ಲಿ ಫಿಲಿಪ್ಪೀನ್ಸಿನ ಕಸ್ಟಮ್ಸ್ ಇಲಾಖೆ ಈ ಪೆಟ್ಟಿಗೆಗಳನ್ನು ತೆರೆದು ತಪಾಸಣೆ ಮಾಡುವುದಾಗಿ ಹೊರಟಿತು. ಅಬ್ಬಾ, ಎಂಥ ಕೋಲಾಹಲ! ಸಂಬಳ ಬಾಕಿಯಾದರೂ ತುಟಿ ಬಿಚ್ಚದ ನಮ್ಮೆದುರು ಮನೆಯ ಹುಡುಗಿಯರು ಅಂದು ಕೆಂಡವಾಗಿದ್ದರು. ಲೋಕದ ಎಲ್ಲ ಮೂಲೆಗಳಿಂದ ಪ್ರತಿಭಟನೆ ಎದ್ದು, ಅಧ್ಯಕ್ಷರೇ ನಡುವೆ ಬಂದು, ಎಕ್ಸ್-ರೇ ಯಂತ್ರದಲ್ಲಿ ಸಂಶಯ ಕಂಡರೆ ಹೊರತು ತೆರೆಯಬಾರದೆಂದು ಹೇಳಬೇಕಾಯಿತು. ಮರುವರ್ಷದ ಕಾನೂನಿನಲ್ಲಿ ಸುಂಕವಿಲ್ಲದೆ ಕಳಿಸಬಹುದಾದ ಸಾಮಾನಿನ ಮೌಲ್ಯವನ್ನು ಒಂದೂವರೆ ಲಕ್ಷ ಪೆಸೊಗೆ ಏರಿಸಿದರು.

ಅಷ್ಟು ಮಂದಿ ಹೆಂಗಸರು ಒಂದೇ ಸೂರಿನಡಿ ಇದ್ದರೆ ಜಗಳವಿಲ್ಲವೆ? ಇತ್ತು, ಧಾರಾಳವಾಗಿ. ಆದರೆ ಅದರೊಳಗೇ ಒಂದು ಸಮಾಜ. ಅಪರಿಚಿತ ಫಿಲಿಪಿನೋ ಎದುರಾದರೆ ‘ಕಬಾಯನ್’ ಎನ್ನುತ್ತಾರೆ, ನಮ್ಮೂರವನು ಎಂಬಂತೆ. ಈಗ ದುಬಾಯಿಯ ಟ್ಯಾಕ್ಸಿಯವರೂ ತರಕಾರಿಯವರೂ ಅದೇ ಪದದಲ್ಲಿ ಅವರನ್ನು ಕರೆಯುತ್ತಾರೆ. ‘ಪಲುವಾಗನ್’ ಎಂಬುದೊಂದಿದೆ: ಹತ್ತು ಮಂದಿ ಸೇರಿ ತಿಂಗಳು ತಿಂಗಳು ಹಣ ಹಾಕುವುದು, ಪ್ರತಿ ತಿಂಗಳು ಒಬ್ಬೊಬ್ಬರು ಇಡೀ ಮೊತ್ತ ಎತ್ತುವುದು. ನಿಮ್ಮ ಅಮ್ಮಂದಿರನ್ನು ಕೇಳಿ ನೋಡಿ, ಇದು ನಮ್ಮ ಮುಂಬಯಿ ಹೆಂಗಸರ ಭಿಶಿ ಅಲ್ಲದೆ ಬೇರೇನೂ ಅಲ್ಲ! ಲಿಖಿತ ಕಾಗದವಿಲ್ಲ, ಸಾಕ್ಷಿಯಿಲ್ಲ. ಮೋಸವಾಗುವುದೂ ಉಂಟು.

ಭಾಷೆಯ ಹುಚ್ಚಿರುವ ನನಗೆ ಇನ್ನೊಂದು ಸಂತೋಷ ಕಾದಿತ್ತು. ತಗಾಲೊಗ್‌ನಲ್ಲಿ ಸ್ಪ್ಯಾನಿಷ್ ಪದಗಳಿರುವುದು ಸಹಜ, ಮುನ್ನೂರು ವರ್ಷಕ್ಕೂ ಮಿಕ್ಕಿ ಸ್ಪೇನಿನ ಆಳ್ವಿಕೆ. ಆದರೆ ಮುಖಕ್ಕೆ ಅವರು ‘ಮುಖಾ’ ಎಂದೇ ಹೇಳುತ್ತಾರೆ, ಆಸೆಗೆ ‘ಆಸಾ’, ಶಿಕ್ಷಕರಿಗೆ ‘ಗುರೋ’. ಸಂಸ್ಕೃತದ ಪದಗಳು ಯಾವುದೋ ಕಾಲದಲ್ಲಿ ಮಲಯ ದ್ವೀಪಗಳ ದಾರಿಯಾಗಿ ಅಲ್ಲಿಗೆ ಹೋದವು. ಆತೆ ಊರಿನಲ್ಲಿ ‘ಗುರೋ’ ಆಗಿದ್ದವಳು, ಪ್ರಾಥಮಿಕ ಶಾಲೆಯ ಮಾಸ್ತರಿಣಿ. ದುಬಾಯಿಯಲ್ಲಿ ಚಪ್ಪಲಿ ಅಂಗಡಿಯಲ್ಲಿ ಗಿರಾಕಿಗಳ ಪಾದದ ಬಳಿ ಕುಳಿತು ಬೂಟು ತೊಡಿಸುತ್ತಿದ್ದಳು. ಆ ಬಗ್ಗೆ ನಾನಾಗಿ ಏನೂ ಕೇಳಲಿಲ್ಲ. ಒಮ್ಮೆ ಅವಳೇ ನಗುತ್ತ, ‘ನನ್ನ ತರಗತಿಯಲ್ಲಿ ಐವತ್ತು ಮಕ್ಕಳಿದ್ದರು. ಇಲ್ಲಿ ಒಂದು ಸಲಕ್ಕೆ ಎರಡೇ ಪಾದ’ ಎಂದಳು.

ಶುಕ್ರವಾರ ರಜೆಯಿದ್ದವರು ಊದ್ ಮೇತಾದ ಸೇಂಟ್ ಮೇರೀಸ್ ಚರ್ಚಿಗೆ ಹೋಗುವರು. ಆಗಿನ ದೊರೆ ಶೇಖ್ ರಾಶಿದ್ ಕೊಟ್ಟ ಜಾಗದಲ್ಲಿ 1967ರಲ್ಲಿ ಆರಂಭವಾದ ಚರ್ಚು ಅದು. ತಗಾಲೊಗ್ ಪೂಜೆ ಮುಗಿದು ಹೊರಬರುವಾಗ ನಮ್ಮ ಮಂಗಳೂರಿನ ಕೊಂಕಣಿಯವರೂ ಅಂಗಳದಲ್ಲಿ ಸಿಗುತ್ತಿದ್ದರು. ಡಿಸೆಂಬರಿನಲ್ಲಿ ಒಂಬತ್ತು ದಿನಗಳ ‘ಸಿಂಬಾಂಗ್ ಗಾಬಿ’. ಊರಿನಲ್ಲಿ ಕೋಳಿ ಕೂಗುವ ಹೊತ್ತಿನ ಪೂಜೆ, ದುಬಾಯಿಯಲ್ಲಿ ಕೆಲಸದವರ ಅನುಕೂಲಕ್ಕಾಗಿ ಸಂಜೆಗೆ. ಅಂಗಳದ ತುಂಬ ಸಾವಿರಾರು ಜನ ನಿಂತಿರುವುದನ್ನು ನೋಡಬೇಕು. 2022ರಿಂದ ಸರಕಾರಿ ವಾರದ ರಜೆ ಶನಿವಾರ-ಭಾನುವಾರಕ್ಕೆ ಬದಲಾಗಿದೆ, ಶುಕ್ರವಾರ ಅರ್ಧ ದಿನ. ಮಾಲಿನ ಕೆಲಸದವರಿಗೆ ಯಾವ ರಜೆ ಎಲ್ಲಿಗೆ ಬದಲಾದರೇನು? ಜನರಿಗೆ ರಜೆಯಿರುವ ದಿನವೇ ಅವರಿಗೆ ದುಡಿತ ಹೆಚ್ಚು. 2015ರಲ್ಲಿ ದುಬಾಯಿ ಮಾಲಿನಲ್ಲಿ ಅವರ ದೇಶದ ‘ಜಾಲಿಬೀ’ ತಿಂಡಿಯಂಗಡಿ ತೆರೆದಾಗ ಗಂಟೆಗಟ್ಟಲೆ ಸಾಲು ನಿಂತಿದ್ದರು. ಕೋಳಿ ಹುರಿದದ್ದು ಎಲ್ಲಿ ಸಿಗುವುದಿಲ್ಲ ಹೇಳಿ? ಆದರೂ ಎದುರು ಮನೆಯ ಕಿರಿಯ ಹುಡುಗಿ ಎರಡು ಬಸ್ಸು ಹತ್ತಿ ಹೋಗಿ ತಿಂದು ಬಂದು ಕಣ್ಣು ಒರೆಸಿಕೊಂಡಳು.

ಕೌಂಟರಿನಲ್ಲಿ ನಿಲ್ಲುವವರು ನಮ್ಮ ಕಣ್ಣಿಗಾದರೂ ಬೀಳುತ್ತಾರೆ. ಮನೆಗೆಲಸದವರು ಬೀಳುವುದಿಲ್ಲ. 1995ರಲ್ಲಿ ಸಾರಾ ಬಾಲಬಾಗನ್ ಎಂಬ ಹುಡುಗಿಯ ಮೊಕದ್ದಮೆ ಲೋಕವನ್ನೇ ಕಲಕಿತ್ತು. ಹದಿಹರೆಯದ ಆಕೆಯನ್ನು ಪಾಸ್‌ಪೋರ್ಟಿನಲ್ಲಿ ವಯಸ್ಸು ಹೆಚ್ಚಿಸಿ ಯು.ಎ.ಇ.ಗೆ ಕಳಿಸಿದ್ದರು. ತನ್ನ ಮೇಲೆ ಅತ್ಯಾಚಾರ ನಡೆಸಿದನೆಂದು ಆಕೆ ಹೇಳಿದ ಮನೆಯೊಡೆಯನನ್ನು ಇರಿದು ಕೊಂದಿದ್ದಳು. ಮರಣದಂಡನೆ ವಿಧಿಸಿದ್ದು, ಎಲ್ಲೆಡೆಯ ಕೂಗಿನ ನಂತರ ಸೆರೆವಾಸ ಮತ್ತು ಛಡಿಯೇಟಿಗೆ ಇಳಿದು, 1996ರಲ್ಲಿ ಊರಿಗೆ ಮರಳಿದಳು. 2006ರ ಕೊನೆಯಲ್ಲಿ ಫಿಲಿಪ್ಪೀನ್ಸ್ ಸರಕಾರ ಮನೆಗೆಲಸದವರಿಗೆ ಕನಿಷ್ಠ 400 ಡಾಲರ್ ಸಂಬಳ ಎಂದು ನಿಯಮ ಮಾಡಿತು. ಬರೆದದ್ದು ಒಂದು, ದುಬಾಯಿಗೆ ಇಳಿದ ಮೇಲೆ ಕಡಿಮೆ ಸಂಬಳದ ಬೇರೆ ಕಾಗದಕ್ಕೆ ಸಹಿ ಹಾಕಿಸಿಕೊಂಡ ಉದಾಹರಣೆಗಳು ಬೇಕಾದಷ್ಟು. 2014ರಿಂದ 2021ರವರೆಗೆ ಯು.ಎ.ಇ.ಗೆ ಮನೆಗೆಲಸದವರನ್ನು ಕಳಿಸುವುದೇ ನಿಂತಿತ್ತು. ಹೊಟ್ಟೆಪಾಡು ನಿಲ್ಲಬೇಕಲ್ಲ? ವಿಸಿಟ್ ವೀಸಾದಲ್ಲಿ ಬಂದರು, ಯಾವ ರಕ್ಷಣೆಯೂ ಇಲ್ಲದೆ. ನನ್ನ ಅಭಿಪ್ರಾಯದಲ್ಲಿ ಇಂಥ ನಿಷೇಧಗಳಿಂದ ಕಾಗದ ಶುದ್ಧವಾಗಿರುತ್ತದೆ ಅಷ್ಟೆ. 2017ರಲ್ಲಿ ಯು.ಎ.ಇ. ಮನೆಗೆಲಸದವರಿಗಾಗಿ ಕಾನೂನು ತಂದು ವಾರಕ್ಕೊಂದು ರಜೆ, ವರ್ಷಕ್ಕೆ ಮೂವತ್ತು ದಿನಗಳ ಸಂಬಳಸಹಿತ ರಜೆ ಕೊಟ್ಟದ್ದು ದೊಡ್ಡ ಮಾತೇ ಸರಿ. ಮುಚ್ಚಿದ ಬಾಗಿಲಿನ ಒಳಗೆ ಅದನ್ನು ಅಳೆಯುವವರು ಯಾರು?

ವಿಸಿಟ್ ವೀಸಾದವರದು ಇನ್ನೊಂದು ಪಾಡು. ಅವಧಿ ಮುಗಿಯುವುದರೊಳಗೆ ಕೆಲಸ ಸಿಗದಿದ್ದರೆ ದೇಶ ಬಿಟ್ಟು ಹೋಗಿ ಹೊಸ ವೀಸಾಕ್ಕೆ ಕಾಯಬೇಕಿತ್ತು. ಆ ಕಾಲದಲ್ಲಿ ಅಗ್ಗದ ದಾರಿ ಎಂದರೆ ಸಮುದ್ರದಾಚೆ ಇರಾನಿನ ಕೀಶ್ ದ್ವೀಪ. ಎರಡು ದಿನಕ್ಕೆಂದು ಹೋದವರು ವೀಸಾ ಬರದೆ, ಕೈಯಲ್ಲಿ ಹಣವೂ ಇಲ್ಲದೆ, ವಾರ ತಿಂಗಳುಗಟ್ಟಲೆ ಅಲ್ಲಿನ ಹಾಸ್ಟೆಲುಗಳಲ್ಲಿ ಬಿದ್ದಿರುತ್ತಿದ್ದರು. ಆತೆ 2003ರಲ್ಲಿ, ಮಗಳಿಗೆ ನಾಲ್ಕು ವರ್ಷವಿದ್ದಾಗ ಬಂದವಳು. ಕೀಶ್‌ನಲ್ಲಿ ಹತ್ತೊಂಬತ್ತು ದಿನ ಕಳೆದದ್ದನ್ನು ಲೆಕ್ಕವಿಟ್ಟುಕೊಂಡಿದ್ದಳು.

ನಾವು ಮುಂಬಯಿಗೆ ಮರಳಿದ ಮೇಲೂ ಆಗಾಗ ಅವಳ ಸಂದೇಶ ಬರುತ್ತದೆ. 2018ರಲ್ಲಿ ‘ಫಾರ್ ಗುಡ್’ ಹೋಗುತ್ತಿದ್ದೇನೆ ಎಂದು ಬರೆದಳು. ಕೊಲ್ಲಿಯಲ್ಲಿ ಇದ್ದವರಿಗೆಲ್ಲ ಈ ಪದ ಗೊತ್ತು, ನಮ್ಮವರೂ ಹಾಗೆಯೇ ಹೇಳುವುದು: ಇನ್ನು ಶಾಶ್ವತವಾಗಿ ಊರಿಗೆ. ಅಲ್ಲಿ ಎಷ್ಟು ವರ್ಷ ದುಡಿದರೂ ಕೆಲಸವಿರುವಷ್ಟು ದಿನವೇ ವಾಸ, ಹೊರಡುವಾಗ ಒಂದಿಷ್ಟು ಗ್ರ್ಯಾಚುಯಿಟಿ. ಊರಿನಲ್ಲಿ ಒಂದು ಸಣ್ಣ ದಿನಸಿ ಅಂಗಡಿ ಇಟ್ಟಳು. ಉದ್ರಿ ಕೊಟ್ಟು ಕೊಟ್ಟು ಅಂಗಡಿ ಮುಳುಗಿತು. ಎಲ್ಲರೂ ಬಂಧುಗಳೇ, ಕೊಡುವುದಿಲ್ಲ ಎನ್ನುವುದು ಹೇಗೆ? ಮಗಳ ನರ್ಸಿಂಗ್ ಫೀಸು ಬಾಕಿಯಿತ್ತು. ಎಂಟು ತಿಂಗಳಿಗೇ ಮತ್ತೆ ದುಬಾಯಿ, ಮತ್ತೆ ಸತ್ವಾದಲ್ಲೊಂದು ಹಾಸಿಗೆ. 2020ರಲ್ಲಿ ಕೊರೊನಾ ಬಂತು. ದೇರಾದ ನೈಫ್ ಮತ್ತು ಅಲ್ ರಾಸ್ ಬಡಾವಣೆಗಳಿಗೆ ಬೀಗ ಬಿತ್ತು. ಒಂದೇ ಕೋಣೆಯಲ್ಲಿ ಎಂಟು ಹಾಸಿಗೆ ಇರುವಲ್ಲಿ ಆರು ಅಡಿ ಅಂತರ ಇಡುವುದು ಎಲ್ಲಿ? ಎಷ್ಟೋ ಮಂದಿಗೆ ಕೆಲಸ ಹೋಯಿತು. ಆದರೂ ಆ ವರ್ಷ ಫಿಲಿಪಿನೋಗಳು ಊರಿಗೆ ಕಳಿಸಿದ ಹಣ ಶೇಕಡಾ ಒಂದರಷ್ಟೂ ಇಳಿಯಲಿಲ್ಲ. ಇಳಿಯದಂತೆ ಹೇಗೆ ನೋಡಿಕೊಂಡರೆಂದು ಆತೆಯನ್ನು ಕೇಳಿದರೆ, ‘ಅನ್ನ ಮತ್ತು ಮೊಟ್ಟೆ’ ಎಂದು ಎರಡೇ ಪದ ಬರೆದಳು.

2024ರಲ್ಲಿ ಮಗಳು ನರ್ಸ್ ಆಗಿ ದುಬಾಯಿಗೇ ಬಂದಿದ್ದಾಳೆ. ಕೆಳಗಿನ ಹಾಸಿಗೆ ತಾಯಿಗೆ, ಮೇಲಿನದು ಮಗಳಿಗೆ. ಇಪ್ಪತ್ತೊಂದು ವರ್ಷಗಳಲ್ಲಿ ಇಬ್ಬರೂ ಒಂದೇ ಸೂರಿನಡಿ ಒಟ್ಟು ಮಲಗಿದ್ದು ರಜೆಯ ತಿಂಗಳುಗಳನ್ನೂ ಆ ಎಂಟು ತಿಂಗಳನ್ನೂ ಬಿಟ್ಟರೆ ಇದೇ ಮೊದಲು. ‘ಗೊರಕೆ ಹೊಡೆಯುತ್ತೀಯಾ ಅಮ್ಮಾ ಅಂತ ಬೈಯುತ್ತಾಳೆ’ ಎಂದು ಬರೆದಿದ್ದಳು. 2025ರ ಜೂನಿನಲ್ಲಿ ದುಬಾಯಿ ನಗರಸಭೆಯವರು ಸತ್ವಾ, ರಿಗ್ಗಾ, ಬರ್ಶಾ ಮೊದಲಾದೆಡೆ ಅನುಮತಿಯಿಲ್ಲದ ಪಾರ್ಟಿಷನ್‌ಗಳನ್ನು ಕೆಡವಿಸಲು ಶುರುಮಾಡಿದರು. ಬೆಂಕಿ ಬಿದ್ದರೆ ಜನ ಹೊರಬರಲಾಗದೆಂಬ ಭಯ ಅವರಿಗೆ, ಅದೂ ನಿಜವೇ. ತಾಯಿ-ಮಗಳು ಈಗ ಶಾರ್ಜಾದಲ್ಲಿ ಇನ್ನೊಂದು ಕುಟುಂಬದೊಂದಿಗೆ ಫ್ಲಾಟು ಹಂಚಿಕೊಂಡಿದ್ದಾರೆ. ಬಸ್ಸಿನಲ್ಲಿ ಹೋಗಿ ಬರಲು ದಿನಕ್ಕೆ ಮೂರು ಗಂಟೆ. ಬತಾಂಗಸ್‌ನ ಮನೆಯ ಮಹಡಿ ಕೆಲಸ ಕಳೆದ ವರ್ಷ ಮುಗಿಯಿತಂತೆ. ತಾಯಿಗೆ ಒಂದು ಕೋಣೆ, ಮಗಳಿಗೆ ಒಂದು. ಪಕ್ಕದ ಮನೆಯ ಹುಡುಗ ಶನಿವಾರ ಶನಿವಾರ ಬಂದು, ಗಾಳಿಯಾಡಲೆಂದು ಕಿಟಕಿಗಳನ್ನು ತೆರೆದಿಟ್ಟು, ಸಂಜೆ ಮುಚ್ಚಿ ಬೀಗ ಹಾಕಿ ಹೋಗುತ್ತಾನೆ.